ಅಡಿಕೆ ಪಟ್ಟಿಯಿಂದ ಜಾವಾ ಕೋಡಿನವರೆಗೆ: ಮಾದರಿಯನ್ನೇ ಮೂಲವಾಗಿಟ್ಟು ವ್ಯವಹಾರ ತಂತ್ರಾಂಶ ಕಟ್ಟುವ ಬಗೆ

ಹಿಂದೊಮ್ಮೆ ಮಲೆನಾಡಿನ ಒಂದು ಅಡಿಕೆ ಮಾರಾಟ ಸಹಕಾರ ಸಂಘಕ್ಕೆ ತಂತ್ರಾಂಶ ಬರೆಯುವಾಗ ದೊಡ್ಡದೊಂದು ಕ್ಲಾಸ್ ಡಯಾಗ್ರಾಮ್ (ತಂತ್ರಾಂಶದ ಕ್ಲಾಸುಗಳನ್ನು, ಅಂದರೆ ಆಬ್ಜೆಕ್ಟುಗಳ ಅಚ್ಚುಗಳನ್ನು, ಅವುಗಳ ಸಂಬಂಧದೊಂದಿಗೆ ತೋರಿಸುವ ಚಿತ್ರ) ಬಿಡಿಸಿ, ಮುದ್ರಿಸಿ, ಗೋಡೆಗೆ ಅಂಟಿಸಿದ್ದೆ. ನೋಡಿದವರೆಲ್ಲ ಮೆಚ್ಚಿದರು. ಆರು ತಿಂಗಳು ಕಳೆಯುವಷ್ಟರಲ್ಲಿ ಗೋಡೆಯ ಚಿತ್ರ ಒಂದು ಹೇಳುತ್ತಿತ್ತು, ಕೋಡ್ ಇನ್ನೊಂದು ಮಾಡುತ್ತಿತ್ತು. ಹೊಸಬರು ಚಿತ್ರ ನಂಬಿ ಮೋಸಹೋದರು, ಹಳಬರು ಅದರತ್ತ ನೋಡುವುದನ್ನೇ ಬಿಟ್ಟರು. ಕೊನೆಗೆ ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದೆವು.

ಮಾದರಿ ಚಾಲಿತ ವಿನ್ಯಾಸ, ಅಂದರೆ ಎಂಡಿಎ, ಆ ಚಿತ್ರವನ್ನು ದುಡಿಸಿಕೊಳ್ಳುವ ದಾರಿ. ಮಾದರಿ ಬದಲಾದರೆ ಮಾತ್ರ ಕೋಡ್ ಬದಲಾಗುತ್ತದೆ, ಮಾದರಿಯೇ ಮೂಲ. ಇಂಥ ಚಿತ್ರಗಳನ್ನು ಬಿಡಿಸುವ ಭಾಷೆಯಾದ ಯುಎಂಎಲ್ ಅನ್ನು 1997ರಲ್ಲಿ ಮಾನಕವಾಗಿ ಒಪ್ಪಿಕೊಂಡಿದ್ದ ಆಬ್ಜೆಕ್ಟ್ ಮ್ಯಾನೇಜ್‌ಮೆಂಟ್ ಗ್ರೂಪ್ ಎಂಬ ಮಾನಕ ಸಂಸ್ಥೆ, 2001ರಲ್ಲಿ ಈ ದಾರಿಗೂ ಮುದ್ರೆ ಒತ್ತಿತು. ಅವರ ಹಂತಗಳು ಮೂರು. ಕಂಪ್ಯೂಟರಿನ ಸುದ್ದಿಯೇ ಇಲ್ಲದ ವ್ಯವಹಾರದ ಮಾದರಿ ಸಿಐಎಂ. ಯಾವ ತಂತ್ರಜ್ಞಾನಕ್ಕೂ ಅಂಟಿಕೊಳ್ಳದ ಮಾದರಿ ಪಿಐಎಂ. ಜಾವಾ, ಪೋಸ್ಟ್‌ಗ್ರೆಸ್ ಡೇಟಾಬೇಸ್ ಇತ್ಯಾದಿಗೆ ಹೊಂದಿಸಿದ ಮಾದರಿ ಪಿಎಸ್‌ಎಂ. ಒಂದರಿಂದ ಇನ್ನೊಂದಕ್ಕೆ ಹೋಗುವ ಪರಿವರ್ತನೆಯನ್ನು ಆದಷ್ಟು ಯಂತ್ರಕ್ಕೇ ಬಿಡಬೇಕು.

ಈ ದಾರಿ ಎಲ್ಲ ಕೆಲಸಕ್ಕೂ ಬೇಡ. ಮೂರು ಪರದೆಯ ಪುಟ್ಟ ಆ್ಯಪ್‌ಗೆ ಜನರೇಟರ್ (ಮಾದರಿ ಓದಿ ಕೋಡ್ ಹುಟ್ಟಿಸುವ ಪ್ರೋಗ್ರಾಂ) ಬರೆಯುವುದು ಒಂದು ದೋಸೆಗೆ ಗ್ರೈಂಡರ್ ಕೊಂಡ ಹಾಗೆ. ಲೆಕ್ಕಾಚಾರವೇ ಜಟಿಲವಾಗಿದ್ದು ಕ್ಲಾಸುಗಳು ಕಡಿಮೆ ಇದ್ದರೂ ಲಾಭವಿಲ್ಲ. ಮೂವತ್ತು ನಲವತ್ತು ಕ್ಲಾಸುಗಳಿದ್ದು, ಪ್ರತಿಯೊಂದಕ್ಕೂ ಅದೇ ನೋಂದಣಿ, ತಿದ್ದುಪಡಿ, ಹುಡುಕಾಟ, ಪರಿಶೀಲನೆ ಬೇಕಾಗಿದ್ದು, ನಿಯಮಗಳು ವರ್ಷಕ್ಕೆರಡು ಸಲ ಬದಲಾಗುತ್ತಿದ್ದು, ತಂತ್ರಾಂಶ ಹತ್ತು ವರ್ಷ ಬಾಳಬೇಕಿದ್ದರೆ ಆಗ ಕೈ ಹಾಕಿ. ಅಡಿಕೆ ವ್ಯವಹಾರ ಅಂಥದ್ದೇ, ಹಾಗಾಗಿ ಉದಾಹರಣೆಗೆ ಅದನ್ನೇ ಹಿಡಿಯುತ್ತೇನೆ.

ಹಂತ 1: ತಕ್ಕಡಿಯ ಪಕ್ಕ ಎರಡು ದಿನ ಕೂತುಕೊಳ್ಳಿ

ಉಪಕರಣ ಇಳಿಸಿಕೊಳ್ಳುವ ಮುಂಚೆ ಶಬ್ದಗಳನ್ನು ಹೆಕ್ಕಬೇಕು. ಆಡಳಿತ ಮಂಡಳಿಯವರು ಹೇಳುವ ವ್ಯವಹಾರವೇ ಬೇರೆ, ತೂಕದ ಮನೆಯಲ್ಲಿ ನಡೆಯುವ ವ್ಯವಹಾರವೇ ಬೇರೆ. ನಾನು ಹಿರಿಯ ಗುಮಾಸ್ತರ ಹತ್ತಿರ ಕೇಳಿದ್ದು ಹೀಗೆ:

"ರಾಯರೇ, ರೈತರು ಚೀಲ ಇಳಿಸಿದ ಕೂಡಲೇ ಲಾಟ್ ಆಯ್ತಲ್ಲ?"

"ಎಲ್ಲಿಂದ ಆಗ್ತದೆ ಮಾರಾಯ! ಇಳಿಸಿದ್ದು ಆವಕ. ಬಗೆ ನೋಡಿ, ತೂಗಿ, ಚೀಟಿ ಹಚ್ಚಿದ ಮೇಲೆ ಲಾಟು."

"ಒಬ್ಬರೇ ರಾಶಿನೂ ಬೆಟ್ಟೆನೂ ತಂದ್ರೆ?"

"ಆವಕ ಒಂದು, ಲಾಟು ಎರಡು. ಪಟ್ಟಿ ಮತ್ತೆ ಒಂದೇ."

ಆ ನಾಲ್ಕು ಸಾಲಿನಲ್ಲಿ ಮೂರು ಕ್ಲಾಸುಗಳು, ಅವುಗಳ ನಡುವಿನ ಸಂಬಂಧ, ಸಂಖ್ಯೆ ಎಲ್ಲವೂ ಬಂದವು. ಆವಕ ಒಂದಕ್ಕೆ ಲಾಟ್ ಹಲವು, ಪಟ್ಟಿ (ಮಾರಾಟದ ಮೇಲೆ ರೈತರಿಗೆ ಕೊಡುವ ಲೆಕ್ಕದ ಚೀಟಿ) ಒಂದಕ್ಕೆ ಲಾಟ್ ಹಲವು. ನಾನಾಗಿ ಮೇಜಿನ ಮುಂದೆ ಕೂತು ಯೋಚಿಸಿದ್ದರೆ "ಸರಕು", "ವಹಿವಾಟು", "ಬಿಲ್" ಅಂತ ಯಾರೂ ಆಡದ ಹೆಸರಿಟ್ಟು ಕೆಡಿಸುತ್ತಿದ್ದೆ. ಅಡಿಕೆಯಲ್ಲಿ "ಸರಕು" ಅನ್ನುವುದೇ ಒಂದು ಬಗೆಯ ಹೆಸರು ಬೇರೆ!

ಎರಡು ದಿನದ ಕೊನೆಗೆ ಕೈಯಲ್ಲಿರಬೇಕಾದದ್ದು ಒಂದು ಶಬ್ದಪಟ್ಟಿ. ಪ್ರತಿ ಶಬ್ದಕ್ಕೂ ಒಂದು ವಾಕ್ಯದ ಅರ್ಥ ಇರಲಿ. ಜೊತೆಗೆ ಸಂಘದ ಹಳೇ ಪಟ್ಟಿಗಳ ನಕಲು ಹತ್ತಾದರೂ ಬೇಕು. ಅವು ಮುಂದೆ ಪರೀಕ್ಷೆಗೆ ಬೇಕಾಗುತ್ತವೆ.

ಹಂತ 2: ಮಾದರಿಯನ್ನು ಅಕ್ಷರದಲ್ಲಿ ಬರೆಯಿರಿ

ಪಾಪಿರಸ್‌ನಂಥ ಉಪಕರಣದಲ್ಲಿ ಯುಎಂಎಲ್ ಚಿತ್ರ ಬಿಡಿಸಬಹುದು. ಆದರೆ ಚಿತ್ರದ ಹಿಂದಿರುವುದು ಎಕ್ಸ್‌ಎಂಐ ಎಂಬ, ಮನುಷ್ಯರಿಗೆ ಓದಲು ಕಷ್ಟವಾದ ಕಡತ. ಇಬ್ಬರು ಬೇರೆ ಬೇರೆ ಕಡೆ ತಿದ್ದಿ, ಕಡತಗಳ ಬದಲಾವಣೆಯ ಇತಿಹಾಸ ಕಾಯುವ ಗಿಟ್‌ನಲ್ಲಿ ಒಟ್ಟುಗೂಡಿಸಲು ಹೋದರೆ ಸಂಜೆಯೆಲ್ಲ ಅದರಲ್ಲೇ ಕಳೆಯುತ್ತದೆ. ನನ್ನ ಮತ ಪಠ್ಯದ ಕಡೆಗೆ. ಎಕ್ಲಿಪ್ಸ್ ಬಳಗದ ಎಕ್ಸ್‌ಟೆಕ್ಸ್ಟ್‌ನಲ್ಲಿ ನಿಮ್ಮದೇ ಪುಟ್ಟ ಭಾಷೆಗೆ ವ್ಯಾಕರಣ ಬರೆದರೆ ಎಡಿಟರ್, ತಪ್ಪು ತೋರಿಸುವ ಕೆಂಪು ಗೆರೆ, ಇಕೋರ್ ಮೆಟಾಮಾಡೆಲ್ (ಮಾದರಿಯಲ್ಲಿ ಏನೇನಿರಬಹುದು ಎಂದು ಹೇಳುವ ಮಾದರಿ) ಎಲ್ಲವೂ ಸಿಗುತ್ತವೆ. ಚಿತ್ರ ಬೇಕಾದರೆ ಈ ಪಠ್ಯದಿಂದಲೇ ಹುಟ್ಟಿಸಿಕೊಳ್ಳಬಹುದು.

ನಮ್ಮ ಲಾಟ್ ಹೀಗಿತ್ತು:

```
ಕ್ಲಾಸ್ ಲಾಟ್ {
    ಗುರುತು ಕ್ರಮಾಂಕ : ಲಾಟುಕ್ರಮಾಂಕ
    ಬಗೆ : ಅಡಿಕೆಬಗೆ [1]
    ಚೀಲಗಳು : ಪೂರ್ಣಾಂಕ
    ಒಟ್ಟುತೂಕ : ತೂಕ
    ಚೀಲದತೂಕ : ತೂಕ
    /ನಿವ್ವಳತೂಕ : ತೂಕ = ಒಟ್ಟುತೂಕ - ಚೀಲದತೂಕ
    ಆವಕ : ಆವಕ [1]
    ಬಿಡ್ಡುಗಳು : ಬಿಡ್ಡು [*] ಭಾಗ

    ನಿಯಮ ತೂಕಸರಿ : ನಿವ್ವಳತೂಕ > 0
    ನಿಯಮ ಒಂದೇಗೆಲುವು :
        ಸ್ಥಿತಿ = ಮಾರಾಟ ಆದರೆ ಗೆದ್ದ ಬಿಡ್ಡು = 1
}
```

ಬಿಡ್ಡು ಅಂದರೆ ಟೆಂಡರಿನಲ್ಲಿ ವ್ಯಾಪಾರಿ ಕೊಡುವ ದರ. [1] ಅಂದರೆ ಒಂದೇ, [*] ಅಂದರೆ ಎಷ್ಟಾದರೂ. ಓರೆಗೆರೆ ಇರುವುದು ಲೆಕ್ಕದಿಂದ ಬರುವ ಗುಣ. ಇದು ಯುಎಂಎಲ್‌ನ ರೂಢಿಯೇ. ನಿಯಮಗಳ ಸಾಲುಗಳು ಓಸಿಎಲ್ ಎಂಬ ನಿರ್ಬಂಧ ಭಾಷೆಯ ನಮ್ಮೂರ ಅವತಾರ. ಗುಮಾಸ್ತರಿಗೆ ಈ ಪುಟ ತೋರಿಸಿದಾಗ ಅವರು ಓದಿ, "ಚೀಲ ಸೊನ್ನೆ ಇದ್ರೆ? ಕೆಲವರು ಬುಟ್ಟೀಲಿ ತರ್ತಾರೆ" ಅಂದರು. ಜಾವಾ ಕೋಡ್ ತೋರಿಸಿದ್ದರೆ ಆ ಮಾತು ಬರುತ್ತಿರಲಿಲ್ಲ.

ಕನ್ನಡದಲ್ಲಿ ಮಾದರಿ ಬರೆಯುವವರಿಗೆ ಎರಡು ಎಚ್ಚರಿಕೆ. ಎಕ್ಸ್‌ಟೆಕ್ಸ್ಟ್ ಹುಟ್ಟಾ ಒಪ್ಪುವ ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಅಡಿಗೆರೆ ಮಾತ್ರ ಇರಬಹುದು. ಆ ನಿಯಮವನ್ನು ವ್ಯಾಕರಣದಲ್ಲಿ ಮರುಬರೆದು ಯುನಿಕೋಡ್‌ನ ಕನ್ನಡ ವಿಭಾಗವನ್ನು ಸೇರಿಸಬೇಕು. ಎರಡನೆಯದು ಕಣ್ಣಿಗೆ ಕಾಣದ್ದು. ಅರ್ಧಾಕ್ಷರ ಬಿಡಿಯಾಗಿ ಉಳಿಯಲೆಂದು ಕೀಲಿಮಣೆ ತೂರಿಸುವ ಶೂನ್ಯ ಅಗಲದ ಅಕ್ಷರವೊಂದಿದೆಯಲ್ಲ, ಅದನ್ನು ಹೆಸರುಗಳಲ್ಲಿ ಬಿಟ್ಟುಕೊಂಡಿದ್ದೆ. ವರ್ಡ್ ಕಡತದಿಂದ ನಕಲು ಮಾಡಿದ ಒಂದು "ಲಾಟ್" ಬಾಲದಲ್ಲಿ ಅದು ಅಂಟಿಕೊಂಡು ಬಂತು. ಪರದೆಯಲ್ಲಿ ಎರಡೂ ಲಾಟ್ ಒಂದೇ, ಯಂತ್ರಕ್ಕೆ ಬೇರೆ ಬೇರೆ. "ಲಾಟ್ ಎಂಬ ಕ್ಲಾಸ್ ಇಲ್ಲ" ಎಂಬ ತಪ್ಪು ಸಂದೇಶವನ್ನು ಲಾಟ್ ಕ್ಲಾಸಿನ ಪಕ್ಕದಲ್ಲೇ ನೋಡುತ್ತಾ ಅರ್ಧ ದಿನ ಕಳೆದೆ. ಹೆಸರುಗಳಲ್ಲಿ ಆ ಅಕ್ಷರವನ್ನು ನಿಷೇಧಿಸಿ. ಮೇಲಿನ ತುಣುಕಿನಲ್ಲಿ "ಬಿಡ್ಡು" ಅಂತ ಉಕಾರ ಹಚ್ಚಿರುವುದು ಅದೇ ಕಾರಣಕ್ಕೆ.

ಹಂತ 3: ಯಾವುದು ಕ್ಲಾಸ್, ಯಾವುದು ಬರೀ ದತ್ತಾಂಶ

ಆಬ್ಜೆಕ್ಟ್ ಓರಿಯೆಂಟೆಡ್ ಅಂದ ಕೂಡಲೇ ವಂಶಾವಳಿ ಬರೆಯುವ ಚಟ ಎಲ್ಲರಿಗೂ ಇರುತ್ತದೆ. ಅಡಿಕೆ ಎಂಬ ಅಪ್ಪ, ಅದಕ್ಕೆ ರಾಶಿ, ಬೆಟ್ಟೆ, ಚಾಲಿ, ಗೊರಬಲು ಎಂಬ ಮಕ್ಕಳು. ನಾನೂ ಹಾಗೇ ಶುರುಮಾಡಿದ್ದೆ. ಕೇಳಿಕೊಳ್ಳಬೇಕಾದದ್ದು ಒಂದೇ: ಇವುಗಳ ನಡವಳಿಕೆ ಬೇರೆಯೇ? ಬೇಯಿಸಿ ಒಣಗಿಸಿದ ರಾಶಿಯಾಗಲಿ, ಸಿಪ್ಪೆಸಮೇತ ಬಿಸಿಲಲ್ಲಿ ಒಣಗಿಸಿ ಸುಲಿದ ಚಾಲಿಯಾಗಲಿ, ತೂಗುವುದು ಒಂದೇ ಥರ, ಟೆಂಡರ್ ಒಂದೇ ಥರ. ಬದಲಾಗುವುದು ಹೆಸರು ಮತ್ತು ದರ. ಹಾಗಾದರೆ ಬಗೆ ಎಂಬುದು ಕೋಷ್ಟಕದ ಒಂದು ಸಾಲು, ಕ್ಲಾಸ್ ಅಲ್ಲ. ನಾಳೆ ಹೊಸ ಬಗೆ ಸೇರಿಸಲು ಪ್ರೋಗ್ರಾಮರ್ ಬೇಕಾಗಬಾರದು.

ಕಡಿತದ ವಿಷಯ ಹಾಗಲ್ಲ. ಕಮಿಷನ್ ಮೊತ್ತದ ಮೇಲೆ ಶೇಕಡಾವಾರು. ಹಮಾಲಿ ಚೀಲದ ಲೆಕ್ಕ. ಸಾಲದ ವಸೂಲಿ ಸದಸ್ಯರ ಖಾತೆ ನೋಡಿ, ಬಾಕಿ ಮೀರದಂತೆ. "ಇಷ್ಟು ಕಳೆ" ಎಂಬ ಒಂದೇ ಕೋರಿಕೆಗೆ ಮೂವರೂ ಬೇರೆ ಬೇರೆ ರೀತಿ ಉತ್ತರಿಸುತ್ತಾರೆ. ಇಲ್ಲಿ ಕಡಿತ ಎಂಬ ಅಮೂರ್ತ ಕ್ಲಾಸ್, ಅದರಡಿ ಮೂರು ಮಕ್ಕಳು ಸರಿ.

ಇನ್ನೊಂದು ಹಳ್ಳ: ಸದಸ್ಯ ಮತ್ತು ಖರೀದಿದಾರ ಇಬ್ಬರನ್ನೂ ವ್ಯಕ್ತಿಯ ಮಕ್ಕಳಾಗಿಸುವುದು. ತೋಟವಿರುವ ವ್ಯಾಪಾರಿ ಬಂದ ದಿನ ಇದು ಮುರಿಯುತ್ತದೆ. ಒಬ್ಬರೇ ಎರಡು ಕ್ಲಾಸಿಗೆ ಸೇರಲಾಗದು. ವ್ಯಕ್ತಿಗೆ ಪಾತ್ರಗಳಿರಲಿ, ಪಾತ್ರಕ್ಕೊಂದು ಆಬ್ಜೆಕ್ಟ್ ಇರಲಿ.

ಹಣ, ತೂಕ, ದರಗಳನ್ನು ಬರೀ ಸಂಖ್ಯೆಯಾಗಿ ಬಿಡಬೇಡಿ. ಕೆಜಿಯಲ್ಲಿ ತೂಗುತ್ತೇವೆ, ಕ್ವಿಂಟಲಿಗೆ ದರ ಹೇಳುತ್ತೇವೆ. ನೂರರಿಂದ ಭಾಗಿಸಲು ಮರೆತರೆ ರೈತರು ಒಂದು ಕ್ಷಣ ಕೋಟ್ಯಧೀಶರು. ತೂಕ ಗುಣಿಸು ದರ ಎಂದರೆ ಹಣ ಬರಬೇಕು, ಆ ಜ್ಞಾನ ಮಾದರಿಯ ಮೂಲ ಪ್ರಕಾರಗಳಲ್ಲೇ ಇರಬೇಕು.

ಹಂತ 4: ಪೈಸೆ ಎಲ್ಲಿ ದುಂಡಾಗುತ್ತದೆ ಎಂದು ಮಾದರಿಯಲ್ಲೇ ಬರೆಯಿರಿ

ಇದು ಸಣ್ಣ ವಿಷಯದಂತೆ ಕಾಣುತ್ತದೆ. ಒಂದು ಪಟ್ಟಿ ತೆಗೆದುಕೊಳ್ಳೋಣ, ಅಂಕಿಗಳು ಉದಾಹರಣೆಗೆ ಮಾತ್ರ. ರಾಶಿ 259.4 ಕೆಜಿ, ಕ್ವಿಂಟಲಿಗೆ 48,150 ರೂಪಾಯಿ: ಮೊತ್ತ 1,24,901.10. ಬೆಟ್ಟೆ 131.7 ಕೆಜಿ, ಕ್ವಿಂಟಲಿಗೆ 41,320: ಮೊತ್ತ 54,418.44. ಕಮಿಷನ್ ಶೇ. 1.5 ಎಂದಿಟ್ಟುಕೊಳ್ಳಿ.

ಲಾಟಿಗೊಂದರಂತೆ ಲೆಕ್ಕ ಹಾಕಿ ದುಂಡು ಮಾಡಿದರೆ 1,873.5165 ಎಂಬುದು 1,873.52 ಆಗುತ್ತದೆ, 816.2766 ಎಂಬುದು 816.28. ಕೂಡಿದರೆ 2,689.80. ಎರಡನ್ನೂ ಮೊದಲೇ ಕೂಡಿ, 1,79,319.54ರ ಮೇಲೆ ಕಮಿಷನ್ ಹಾಕಿದರೆ 2,689.7931, ಅಂದರೆ 2,689.79. ಒಂದು ಪೈಸೆ ವ್ಯತ್ಯಾಸ. ರೈತರು ಕೇಳುವುದಿಲ್ಲ, ಆದರೆ ದಿನಕ್ಕೆ ನೂರಾರು ಪಟ್ಟಿ ಹೋಗುವ ಕಡೆ ಪಟ್ಟಿಯ ಮೊತ್ತಕ್ಕೂ ಲೆಡ್ಜರಿನ ಮೊತ್ತಕ್ಕೂ ತಾಳೆಯಾಗದಿದ್ದರೆ ಆಡಿಟರ್ ಕೇಳಿಯೇ ಕೇಳುತ್ತಾರೆ.

ಕೈಯಲ್ಲಿ ಬರೆದ ಕೋಡಿನಲ್ಲಿ ಒಬ್ಬ ಒಂದು ಥರ, ಇನ್ನೊಬ್ಬ ಇನ್ನೊಂದು ಥರ ಬರೆದಿರುತ್ತಾನೆ. ಮಾದರಿಯಲ್ಲಿ "ಕಮಿಷನ್ : ಹಣ, ಲಾಟಿಗೆ ದುಂಡು" ಎಂದು ಒಮ್ಮೆ ಬರೆದರೆ ಪಟ್ಟಿ, ಲೆಡ್ಜರ್, ವರದಿ ಮೂರಕ್ಕೂ ಜನರೇಟರ್ ಅದನ್ನೇ ಪಾಲಿಸುತ್ತದೆ. ಯಾವುದು ಸರಿ ಎಂದು ನೀವು ತೀರ್ಮಾನಿಸಬೇಡಿ. ಸಂಘದ ಹಳೇ ಪಟ್ಟಿಗಳು ಹೇಗಿವೆಯೋ ಹಾಗೆ. ಜಾವಾದಲ್ಲಿ ಹಣಕ್ಕೆ ಬಿಗ್‌ಡೆಸಿಮಲ್ ಬಳಸಿ. ಡಬಲ್ ಪ್ರಕಾರಕ್ಕೆ 0.1 ಮತ್ತು 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ.

ಹಂತ 5: ಲಾಟಿನ ಬದುಕು

ಸ್ಥಿತಿಗಳ ಚಿತ್ರ ಬೇಗ ಮುಗಿಯುತ್ತದೆ: ತೂಗಿದೆ, ಟೆಂಡರ್‌ನಲ್ಲಿದೆ, ಮಾರಾಟ, ಪಟ್ಟಿಯಾಗಿದೆ. ರೈತರಿಗೆ ದರ ಒಪ್ಪಿಗೆಯಾಗದಿದ್ದರೆ ಟೆಂಡರ್‌ನಿಂದ ಹಿಂದಕ್ಕೆ "ತೂಗಿದೆ"ಗೆ. ಈ ಹಿಂದಿರುಗುವ ಬಾಣವನ್ನು ಬಹಳ ಮಂದಿ ಮರೆಯುತ್ತಾರೆ. ಪ್ರತಿ ಬಾಣದಿಂದ ಒಂದು ಮೆಥಡ್ ಹುಟ್ಟಲಿ. ಬಾಣವಿಲ್ಲದ ದಾರಿಯಲ್ಲಿ ಹೋದರೆ ಕೋಡ್ ತಡೆಯಲಿ.

ವೇದಿಕೆಗೆ ಅಂಟಿಕೊಳ್ಳದ ಮಾದರಿ ಎಂದರೇನೆಂದು ನನಗೆ ಅರ್ಥವಾದದ್ದು ಇಲ್ಲೇ. ಹಿಂದೆ ವ್ಯಾಪಾರಿಗಳು ದರ ಬರೆದ ಚೀಟಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆ ಶುರುವಾದ ಮೇಲೆ ಒಂದೊಂದೇ ಮಾರುಕಟ್ಟೆಯ ಟೆಂಡರ್ ಪರದೆಗೆ ಬಂತು. ಚೀಟಿ ಹೋಯಿತು, ಪೆಟ್ಟಿಗೆ ಹೋಯಿತು. ಆದರೆ ಒಂದು ಲಾಟಿಗೆ ಹಲವು ಬಿಡ್, ಗೆಲ್ಲುವುದು ಒಂದೇ ಎಂಬುದು ಹಾಗೇ ಉಳಿಯಿತು. ಚೀಟಿಯೂ ಒಂದು ವೇದಿಕೆಯೇ. ನಿಮ್ಮ ಪಿಐಎಂನಲ್ಲಿ "ಚೀಟಿಸಂಖ್ಯೆ" ಎಂಬ ಗುಣ ಕಂಡರೆ ಅನುಮಾನಪಡಿ.

ಹಂತ 6: ವೇದಿಕೆಗೆ ಇಳಿಸುವುದು

ಈಗ ಪಿಎಸ್‌ಎಂ. ಮೂಲ ಮಾದರಿಯನ್ನು ಮುಟ್ಟದೆ, ಬೇರೆ ಕಡತದಲ್ಲಿ ಗುರುತುಗಳನ್ನು ಬರೆಯಬೇಕು: ಯಾವ ಕ್ಲಾಸಿಗೆ ಯಾವ ಕೋಷ್ಟಕ, ವಂಶಾವಳಿಯನ್ನು ಡೇಟಾಬೇಸಿನಲ್ಲಿ ಹೇಗೆ ಮಡಚುವುದು ಇತ್ಯಾದಿ. ಜಾವಾ ಆಬ್ಜೆಕ್ಟುಗಳನ್ನು ಕೋಷ್ಟಕಗಳಿಗೆ ಹೊಂದಿಸುವ ಜೆಪಿಎ ಬಳಸುವವರಿಗೆ ವಂಶಾವಳಿಗೆ ಮೂರು ದಾರಿ: ಎಲ್ಲರೂ ಒಂದೇ ಕೋಷ್ಟಕದಲ್ಲಿ, ಅಪ್ಪ ಮಕ್ಕಳಿಗೆ ಬೇರೆ ಬೇರೆ ಕೋಷ್ಟಕವಿಟ್ಟು ಜೋಡಿಸುವುದು, ಅಥವಾ ಪ್ರತಿ ಮಗುವಿಗೂ ಪೂರ್ಣ ಕೋಷ್ಟಕ. ಕಡಿತಗಳಿಗೆ ನಾನು ಒಂದೇ ಕೋಷ್ಟಕ ಆರಿಸಿದೆ. ಪಟ್ಟಿ ಮುದ್ರಿಸುವಾಗ ಎಲ್ಲ ಕಡಿತಗಳೂ ಒಟ್ಟಿಗೇ ಬೇಕು, ಮಕ್ಕಳ ನಡುವೆ ಗುಣಗಳ ವ್ಯತ್ಯಾಸವೂ ಕಡಿಮೆ. ಮಾದರಿಯಲ್ಲಿ "ಭಾಗ" ಎಂದು ಗುರುತಿಸಿದ ಸಂಬಂಧ ಜಾವಾಕ್ಕೆ ಇಳಿದಾಗ, ತಾಯಿ ಅಳಿದರೆ ಮಕ್ಕಳೂ ಅಳಿಯುವಂತಾಗಬೇಕು.

ಹೆಸರಿನ ಸಮಸ್ಯೆ ಇಲ್ಲಿ ಮತ್ತೆ ಎದುರಾಗುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಕೋಷ್ಟಕದ ಹೆಸರಿಗೆ ಹುಟ್ಟಾ ಮಿತಿ 63 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, ಒತ್ತು ಕೊಂಬುಗಳೂ ಲೆಕ್ಕಕ್ಕೆ. ಅಂದರೆ 21 ಸಂಕೇತ, ಅಷ್ಟೇ. "ಸದಸ್ಯಸಾಲಕಡಿತವಿವರಪಟ್ಟಿ" ಸರಿಯಾಗಿ 63 ಬೈಟ್. ಅದಕ್ಕೆ "ಗಳು" ಸೇರಿಸಿದರೆ ಕಾರ್ಯಾಚರಣೆ ನಿಲ್ಲುವುದಿಲ್ಲ, ಒಂದು ಸೂಚನೆ ಕೊಟ್ಟು ಬಾಲ ಕತ್ತರಿಸಿಬಿಡುತ್ತದೆ. ಹೀಗಾಗಿ ಮಾದರಿ ಕನ್ನಡದಲ್ಲಿರಲಿ, ಕೋಷ್ಟಕಕ್ಕೆ ಇಂಗ್ಲಿಷ್ ಅಕ್ಷರದ ಗಿಡ್ಡ ಹೆಸರನ್ನು ಗುರುತು ಕಡತದಲ್ಲಿ ಕೊಡಿ.

ಹಂತ 7: ಟೆಂಪ್ಲೇಟ್, ಜನರೇಟರ್, ಮತ್ತು ಮುಟ್ಟಬಾರದ ಕಡತ

ಮೊದಲೇ ಟೆಂಪ್ಲೇಟ್ (ಜನರೇಟರ್ ಹೆಸರುಗಳನ್ನು ತುಂಬಿ ಕೋಡ್ ಆಗಿಸುವ ಅಚ್ಚು) ಬರೆಯಲು ಕೂರಬೇಡಿ. ಲಾಟ್ ಒಂದನ್ನು ಕೋಷ್ಟಕದಿಂದ ಪರದೆಯವರೆಗೆ ಕೈಯಲ್ಲೇ ಬರೆಯಿರಿ, ಓಡಿಸಿ, ಚೊಕ್ಕ ಮಾಡಿ. ನಂತರ ಅದೇ ಕೋಡಿನಲ್ಲಿ "ಲಾಟ್" ಇದ್ದಲ್ಲಿ ಕ್ಲಾಸಿನ ಹೆಸರು, ಗುಣಗಳಿದ್ದಲ್ಲಿ ಒಂದು ಲೂಪ್ ಹಾಕಿ ಅಸೆಲಿಯೋ ಅಥವಾ ಎಕ್ಸ್‌ಟೆಂಡ್ ಟೆಂಪ್ಲೇಟ್ ಆಗಿಸಿ. ಜನರೇಟರ್ ಹೊರಹಾಕಿದ್ದು ನಿಮ್ಮ ಕೈಬರಹದ ಲಾಟಿಗೆ ಅಕ್ಷರಶಃ ಹೊಂದಿದ ಮೇಲೆ ಆವಕದ ಮೇಲೆ ಪ್ರಯೋಗಿಸಿ.

ಎಲ್ಲವನ್ನೂ ಹುಟ್ಟಿಸುವ ಆಸೆ ಬೇಡ. ಬೇಸರ ತರಿಸುವ ಕೋಡ್ ಮಾತ್ರ ಯಂತ್ರಕ್ಕೆ. ಸಾಲ ವಸೂಲಿಯ ತರ್ಕದಂಥದ್ದನ್ನು ಮನುಷ್ಯರೇ ಬರೆಯಬೇಕು. ಎರಡನ್ನೂ ಬೇರೆ ಇಡುವ ಹಳೆಯ ಉಪಾಯ ಹೀಗಿದೆ: ಜನರೇಟರ್ ಹುಟ್ಟಿಸುವುದು ಅಮೂರ್ತ ಮೂಲ ಕ್ಲಾಸನ್ನು, ಪ್ರತಿ ಸಲ ಅದನ್ನು ಅಳಿಸಿ ಬರೆಯುತ್ತದೆ. ಅದನ್ನು ವಿಸ್ತರಿಸುವ ಕ್ಲಾಸ್ ನಿಮ್ಮದು. ಜನರೇಟರ್ ಅದನ್ನು ಒಮ್ಮೆ ಮಾತ್ರ ಸೃಷ್ಟಿಸಿ, ಮತ್ತೆ ತಿರುಗಿ ನೋಡುವುದಿಲ್ಲ. ಒಂದೇ ಕಡತದೊಳಗೆ "ಇಲ್ಲಿಂದ ಇಲ್ಲಿವರೆಗೆ ನಿಮ್ಮ ಜಾಗ" ಎಂದು ಬೇಲಿ ಹಾಕುವ ಪದ್ಧತಿಯೂ ಇದೆ. ಬೇಲಿ ದಾಟುವವರು ಇದ್ದೇ ಇರುತ್ತಾರೆ, ನನಗೆ ಅದು ಹಿಡಿಸಲಿಲ್ಲ.

ಹುಟ್ಟಿದ ಕೋಡನ್ನು ಗಿಟ್‌ಗೆ ಹಾಕಬೇಕೇ ಎಂಬ ಜಗಳ ಎಲ್ಲ ತಂಡದಲ್ಲೂ ಆಗುತ್ತದೆ. ಹಾಕಬೇಡಿ, ಪ್ರತಿ ಬಿಲ್ಡ್‌ನಲ್ಲೂ ಹೊಸದಾಗಿ ಹುಟ್ಟಲಿ. ಕೈಯಲ್ಲಿ ತಿದ್ದಿದ್ದು ಮರುದಿನ ಮಾಯವಾದರೆ ಯಾರೂ ಎರಡನೇ ಸಲ ತಿದ್ದುವುದಿಲ್ಲ.

ಹಂತ 8: ಬದಲಾವಣೆಯ ದಿನ

ಎಂಡಿಎ ಬಿದ್ದುಹೋಗುವುದು ಹೆಚ್ಚಾಗಿ ಇಲ್ಲಿ. "ಚೀಲದತೂಕ" ಎಂಬುದನ್ನು "ಕಳೆತೂಕ" ಎಂದು ಬದಲಿಸುತ್ತೀರಿ ಅನ್ನಿ. ನಿಮಗೆ ಅದು ಮರುನಾಮಕರಣ. ಹಳೆಯ ಮತ್ತು ಹೊಸ ಮಾದರಿಯನ್ನು ಹೆಸರಿನಿಂದ ಹೋಲಿಸುವ ಜನರೇಟರಿಗೆ ಒಂದು ಕಾಲಂ ಹೋಯಿತು, ಇನ್ನೊಂದು ಬಂತು. ಅದು ಬರೆಯುವ ಎಸ್‌ಕ್ಯೂಎಲ್ ಹಳೇ ಕಾಲಂ ಅಳಿಸಿ ಖಾಲಿ ಕಾಲಂ ಸೇರಿಸುತ್ತದೆ. ಒಂದು ಹಂಗಾಮಿನ ತೂಕಗಳೆಲ್ಲ ಗಾಳಿಗೆ.

ಮದ್ದು ಸರಳ. ಮಾದರಿಯ ಪ್ರತಿ ಕ್ಲಾಸಿಗೂ ಗುಣಕ್ಕೂ ಎಂದೂ ಬದಲಾಗದ ಒಂದು ಸಂಖ್ಯೆ ಕೊಡಿ. ಹೋಲಿಕೆ ಸಂಖ್ಯೆಯಿಂದ ನಡೆಯಲಿ. ಸಂಖ್ಯೆ ಅದೇ, ಹೆಸರು ಬೇರೆ ಎಂದರೆ ಮರುನಾಮಕರಣ. ಹುಟ್ಟಿದ ಎಸ್‌ಕ್ಯೂಎಲ್ ಕಡತಗಳಿಗೆ ಕ್ರಮಸಂಖ್ಯೆಯಿಟ್ಟು, ಡೇಟಾಬೇಸಿನ ಬದಲಾವಣೆಗಳನ್ನು ಕ್ರಮವಾಗಿ ನಡೆಸುವ ಫ್ಲೈವೇ ಮೂಲಕ ಓಡಿಸಿ. ಅದಕ್ಕೂ ಮುಂಚೆ ಮನುಷ್ಯರೊಬ್ಬರು ಓದಲೇಬೇಕು. ಇವು ಮಾತ್ರ ಗಿಟ್‌ನಲ್ಲಿರಬೇಕಾದ ಹುಟ್ಟುಕೋಡ್, ಏಕೆಂದರೆ ಇತಿಹಾಸವನ್ನು ಮರುಹುಟ್ಟಿಸಲಾಗದು.

ದರಗಳ ಬದಲಾವಣೆ ಇನ್ನೊಂದು ಬಗೆಯದು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ತೆರಿಗೆಯನ್ನು ಕ್ಲಾಸಿನ ಗುಣವಾಗಿ ಬರೆದಿದ್ದವರು ಪಾಡುಪಟ್ಟರು. ಹೊಸದಕ್ಕೆ ತಿದ್ದಿದರೆ ಜೂನ್ ತಿಂಗಳ ಹಳೇ ಬಿಲ್ಲನ್ನು ಮತ್ತೆ ಮುದ್ರಿಸಿದಾಗ ಹೊಸ ತೆರಿಗೆ ಬರುತ್ತಿತ್ತು. ತೆರಿಗೆಯಾಗಲಿ, ಕಮಿಷನ್ ಆಗಲಿ, ಹಮಾಲಿಯಾಗಲಿ, ದರ ಎಂಬುದು ಆರಂಭ ಮತ್ತು ಅಂತ್ಯದ ದಿನಾಂಕವಿರುವ ಸ್ವತಂತ್ರ ಆಬ್ಜೆಕ್ಟ್. ಪಟ್ಟಿ ತನ್ನ ಮಾರಾಟದ ದಿನಕ್ಕೆ ಹೊಂದುವ ದರವನ್ನು ಹುಡುಕಿಕೊಳ್ಳಬೇಕು. ನಮ್ಮ ಭಾಷೆಗೆ "ಅವಧಿಯುಳ್ಳ" ಎಂಬ ಒಂದು ಶಬ್ದ ಸೇರಿಸಿದೆವು. ಅದು ಕಂಡಲ್ಲೆಲ್ಲ ದಿನಾಂಕದ ಕಾಲಂಗಳು, ಅವಧಿಗಳು ಒಂದರ ಮೇಲೊಂದು ಬೀಳದಂತೆ ತಡೆಯುವ ನಿಯಮ, ಹುಡುಕುವ ಮೆಥಡ್ ಎಲ್ಲವನ್ನೂ ಜನರೇಟರ್ ಬರೆಯಿತು. ಟೆಂಪ್ಲೇಟ್ ಬರೆಯಲು ಹಿಡಿದದ್ದು ಎರಡು ದಿನ, ಬಳಕೆಯಾದದ್ದು ಹನ್ನೊಂದು ಕಡೆ. ಎಂಡಿಎಯಲ್ಲಿ ಹಾಕಿದ ಶ್ರಮ ಹಿಂದಿರುಗುವುದು ಇಂಥ ಜಾಗಗಳಲ್ಲೇ.

ಹಂತ 9: ಪರೀಕ್ಷೆ

ಮೊದಲ ಹಂತದಲ್ಲಿ ತಂದ ಹತ್ತು ಹಳೇ ಪಟ್ಟಿಗಳನ್ನು ಈಗ ಹೊರತೆಗೆಯಿರಿ. ಆ ತೂಕ, ಆ ದರ ಕೊಟ್ಟಾಗ ಕೊನೆಯ ಸಾಲಿನ ಮೊತ್ತ ಪೈಸೆಗೆ ಪೈಸೆ ಬರಬೇಕು. ಮಾದರಿಯ ನಿಯಮಗಳಿಂದಲೇ ಪರೀಕ್ಷೆಗಳನ್ನು ಹುಟ್ಟಿಸಬಹುದು, ಆದರೆ ಅವು ಜನರೇಟರ್ ಮಾದರಿಯನ್ನು ಪಾಲಿಸಿದೆಯೇ ಎಂದಷ್ಟೇ ಹೇಳುತ್ತವೆ. ಮಾದರಿಯೇ ತಪ್ಪಿದ್ದರೆ ಕೋಡ್, ಪರೀಕ್ಷೆ ಎರಡೂ ಒಟ್ಟಿಗೆ ತಪ್ಪಿ, ಹಸಿರು ದೀಪ ಹೊತ್ತಿಸುತ್ತವೆ. ಅದನ್ನು ಹಿಡಿಯುವುದು ಗುಮಾಸ್ತರ ಕೈಬರಹದ ಪಟ್ಟಿ ಮಾತ್ರ.

ಹಂತ 10: ಜನರೇಟರ್ ಬರೆದವರು ಇಲ್ಲದ ದಿನ

ಟೆಂಪ್ಲೇಟ್‌ಗಳು ಎಷ್ಟು ಜಾಣವಾದರೆ ಅಷ್ಟು ಅಪಾಯ. ನಮ್ಮದನ್ನು ಅಳೆಯಲು ಒಂದು ರೂಢಿ ಇಟ್ಟುಕೊಂಡಿದ್ದೇವೆ: ಹೊಸದಾಗಿ ಸೇರಿದವರಿಗೆ ಮೊದಲ ದಿನವೇ ಲಾಟಿಗೆ "ತೇವಾಂಶ" ಎಂಬ ಗುಣ ಸೇರಿಸಲು ಹೇಳುತ್ತೇವೆ. ಕೋಷ್ಟಕ, ಪರದೆ, ಪಟ್ಟಿ ಎಲ್ಲದರಲ್ಲೂ ಬರಬೇಕು. ಹೋದ ಸಲ ಬಂದ ಹುಡುಗಿ ನೇರ ಹುಟ್ಟಿದ ಜಾವಾ ಕಡತ ತೆರೆದಳು. ಅದರ ಮೊದಲ ಸಾಲು: "ಇಲ್ಲಿ ತಿದ್ದಿದರೆ ನಾಳೆ ಇರುವುದಿಲ್ಲ. ಲಾಟಿನ ಮಾದರಿ ಕಡತದ 14ನೇ ಸಾಲು ನೋಡಿ." ನಕ್ಕು, ಅಲ್ಲಿ ಹೋಗಿ ಒಂದು ಸಾಲು ಸೇರಿಸಿ ಬಿಲ್ಡ್ ಒತ್ತಿದಳು. ಕೆಂಪು ಗೆರೆ ಬಂತು. ತೇವಾಂಶಕ್ಕೆ ಪ್ರಕಾರ ಕೊಟ್ಟಿರಲಿಲ್ಲ. "ಶೇಕಡಾ" ಅಂತ ಬರೆದು ಮತ್ತೆ ಒತ್ತಿದಳು, ಚಹಾ ಬರುವಷ್ಟರಲ್ಲಿ ಪರದೆಯಲ್ಲಿ ತೇವಾಂಶದ ಪೆಟ್ಟಿಗೆ ಮೂಡಿತ್ತು. ಆಮೇಲೆ ಕೇಳಿದಳು: "ಸರ್, ಇದನ್ನ ತೂಗುವಾಗ ನೋಡ್ತಾರಾ, ಟೆಂಡರ್‌ಗೆ ಮುಂಚೆ ನೋಡ್ತಾರಾ?" ಮರುದಿನ ಬೆಳಿಗ್ಗೆ ಅವಳನ್ನು ತೂಕದ ಮನೆಗೆ ಕಳಿಸಿದೆ.